ಬೀಳುವುದನ್ನು ಕಲಿಸಿದವಳು

ನನ್ನ ನಾದಿನಿಗೆ ಸಂಬಳ ಕೊಡುವುದು ಕೆಡಿಸುವುದಕ್ಕೆ. ಈ ಮಾತನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಮನೆಯಲ್ಲಿ ಒಂದು ಲೋಟ ಒಡೆದರೆ ನಮ್ಮತ್ತೆ ಸಂಜೆಯವರೆಗೂ ಗೊಣಗುತ್ತಾರೆ. ಅವರ ಹೊಟ್ಟೆಯಲ್ಲೇ ಹುಟ್ಟಿದ ಮಗಳು ಬೆಳಿಗ್ಗೆ ತಲೆ ಬಾಚಿಕೊಂಡು ಕೆಲಸಕ್ಕೆ ಹೋಗಿ, ಹತ್ತಾರು ಜನ ಕೂಡಿ ಜೋಡಿಸಿದ ಡ್ರೋನಿನ ತಂತಿ ಕತ್ತರಿಸಿ, ರೆಕ್ಕೆ ಮುರಿದು, ಎತ್ತರದಿಂದ ಕೆಡವಿ, ಬಾಯ್ತುಂಬ ನಗುತ್ತ ವಾಪಸು ಬರುತ್ತಾಳೆ. ಅವಳೂ ಅವಳ ಗಂಡನೂ ಇರುವುದು ನಮ್ಮ ಮನೆಯ ಮೇಲಿನ ಮಹಡಿಯಲ್ಲೇ. ಮೆಟ್ಟಿಲ ಬಳಿ ಸಿಕ್ಕಾಗ "ಇವತ್ತೇನೇ ಹಾಳು ಮಾಡಿದೆ?" ಎಂದು ನಾನು ಕೇಳುತ್ತೇನೆ. "ಒಂದು ಮೋಟಾರು, ಒಂದು ಬ್ಯಾಟರಿ ಅತ್ತಿಗೆ" ಎನ್ನುತ್ತಾಳೆ. ಬೇರೆಯವರ ಮನೆಗಳಲ್ಲಿ ಊಟ ಆಯಿತಾ ಎಂದು ಕೇಳಿದಷ್ಟೇ ಸಲೀಸಾಗಿ ನಮ್ಮಲ್ಲಿ ಈ ಮಾತು ನಡೆಯುತ್ತದೆ.

ಕಾರ್ಖಾನೆಯಲ್ಲಿ ಅವಳಿಗೆ ಅನುಮಾನಕ್ಕ ಎಂದು ಹೆಸರು. ಹೊಸದೇನಲ್ಲ, ಹುಟ್ಟುಗುಣವೇ ಅದು. ಅವಳಣ್ಣ, ಅಂದರೆ ನನ್ನ ಗಂಡ, ಹೇಳುವ ಕತೆ ಇದೆ. ಚಿಕ್ಕಂದಿನಲ್ಲಿ ಮನೆಗೆ ಸೈಕಲ್ ತಂದಾಗ ಅಣ್ಣಂದಿರೆಲ್ಲ ನಾ ಮೊದಲು ನಾ ಮೊದಲು ಎಂದು ಕಿತ್ತಾಡುತ್ತಿದ್ದರೆ, ಇವಳು ಅದನ್ನು ಸದ್ದಿಲ್ಲದೆ ಇಳಿಜಾರಿಗೆ ಒಯ್ದು ಖಾಲಿ ಸೈಕಲನ್ನೇ ತಳ್ಳಿಬಿಟ್ಟಳಂತೆ. ಯಾರೂ ಹಿಡಿಯದಿದ್ದರೆ ಅದು ಎಲ್ಲಿಯವರೆಗೆ ಹೋಗಿ ಯಾವ ಕಡೆಗೆ ಬೀಳುತ್ತದೆ ಎಂದು ನೋಡಬೇಕಿತ್ತಂತೆ. ಬಿದ್ದದ್ದು ಎಡಕ್ಕೆ. ಅಂದಿನಿಂದ ಅವಳು ಸೈಕಲ್ ನಿಲ್ಲಿಸುವಾಗ ಊರುವುದು ಎಡಗಾಲನ್ನೇ.

ಮದುವೆಯ ಮಾತು ಬಂದಾಗಲೂ ಹೀಗೇ. ಬಂದ ಗಂಡನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ತುಂಬಾ ಸಿಟ್ಟು ಬಂದಾಗ ಏನ್ ಮಾಡ್ತೀರಿ? ಚೆನ್ನಾಗಿರೋ ದಿನ ಎಲ್ಲರೂ ಚೆನ್ನಾಗೇ ಇರ್ತಾರೆ, ಅದು ನಂಗೆ ಬೇಡ." ಮೊದಲು ಬಂದವನು ಕಾಫಿಯನ್ನೂ ಮುಗಿಸದೆ ಎದ್ದುಹೋದ. ಆಮೇಲೆ ಬಂದವನು ಸ್ವಲ್ಪ ಯೋಚಿಸಿ, "ಅಡಿಗೆಮನೆ ಬಾಗಿಲು ಹಾಕ್ಕೊಂಡು ಪಾತ್ರೆ ತೊಳೀತೀನಿ" ಎಂದ. ಅವನನ್ನೇ ಮದುವೆಯಾದಳು. ಇವತ್ತಿಗೂ ಮೇಲಿನ ಮಹಡಿಯಲ್ಲಿ ಪಾತ್ರೆಯ ಸದ್ದು ಜೋರಾದರೆ ನಾವು ಕೆಳಗೆ ಮುಖ ಮುಖ ನೋಡಿಕೊಂಡು ನಗುತ್ತೇವೆ.

ನಾನು ದರ್ಜಿ. ಸಂತೆ ಬೀದಿಯಲ್ಲಿ ಹಣ್ಣಿನ ಅಂಗಡಿಗೂ ಬೀಗ ಮಾಡುವವನ ಅಂಗಡಿಗೂ ನಡುವೆ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗದಲ್ಲಿ ನನ್ನ ಬದುಕು. ಅವಳ ಕಾರ್ಖಾನೆ ಇರುವುದು ನದಿಯ ದಂಡೆಯಲ್ಲಿ, ಹಿಂದೆ ಐಸ್ ಫ್ಯಾಕ್ಟರಿಯಾಗಿದ್ದ ಕಟ್ಟಡದಲ್ಲಿ. ಗೋಡೆಗಳು ಮೊಳದಗಲ, ನೆಲದ ತುಂಬ ನೀರು ಹರಿಯುವ ಕಾಲುವೆ, ಸೂರಿನಿಂದ ಇಳಿಬಿದ್ದ ಕಬ್ಬಿಣದ ಕೊಕ್ಕೆ. ಆ ಕೊಕ್ಕೆಗಳಿಗೆ ಈಗ ಡ್ರೋನುಗಳನ್ನು ನೇತುಹಾಕಿ ಅವಳು ಒಂದೊಂದೇ ಅಂಗವನ್ನು ಕೆಡಿಸುತ್ತಾಳೆ. ಆರು ತೋಳು, ಪ್ರತಿ ತೋಳಿನ ತುದಿಗೂ ತಿರುಗುವ ರೆಕ್ಕೆ, ಹೊಟ್ಟೆಯಲ್ಲಿ ತಣ್ಣಗಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಹೋಗುವುದು ರಕ್ತ. ರಕ್ತದ ಭಂಡಾರ ನದಿಯ ಈಚೆಗೆ, ಹೆರಿಗೆ ಆಸ್ಪತ್ರೆ ಆಚೆಗೆ. ಸೇತುವೆ ಬಲು ದೂರ, ದೋಣಿ ಬಲು ನಿಧಾನ. ಈ ಯಂತ್ರ ನೇರವಾಗಿ ಹೋದರೆ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಚೆ ದಡ. ಆದರೆ ಆ ನೇರ ದಾರಿ ಇರುವುದು ನಮ್ಮ ಸಂತೆ ಬೀದಿಯ ನೆತ್ತಿಯ ಮೇಲೆ.

ಶುರುವಿನ ದಿನಗಳಲ್ಲಿ, ನಾದಿನಿ ಅಲ್ಲಿಗೆ ಕೆಲಸಕ್ಕೆ ಸೇರುವ ಮೊದಲು, ಒಂದು ಡ್ರೋನು ಹಾಗೆ ಹೋಗುತ್ತಿದ್ದಾಗ ಒಂದು ಮೋಟಾರು ನಿಂತು ನಡು ಬೀದಿಗೆ ಬಿತ್ತು. ನನ್ನ ಅಂಗಡಿಯ ಎದುರು ಕಲ್ಲುಕಟ್ಟೆಯ ಮೇಲೆ ಕೂತು ಛತ್ರಿ ರಿಪೇರಿ ಮಾಡುವವನ ಹೆಗಲಿಗೆ ಬಡಿಯಿತು. ಮೂಳೆ ಕೂಡಿತು, ಆದರೆ ಇವತ್ತಿಗೂ ಅವನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಆಮೇಲೆ ಒಂದೆರಡು ದಿನ ಆಕಾಶದಲ್ಲಿ ಗುಂಯ್ ಎಂದರೆ ಸಾಕು, ಬೀದಿಗೆ ಬೀದಿಯೇ ಅಂಗಡಿಗಳೊಳಗೆ ನುಗ್ಗುತ್ತಿತ್ತು. ಜನ ಸೇರಿದರು, ನಾನೂ ಸೇರಿದೆ, ಕೈ ಎತ್ತಿ ಕೂಗಿದೆ: "ನಮ್ಮ ತಲೆ ಮೇಲೆ ಬೇಡ." ಹಾರಾಟಕ್ಕೆ ಪರವಾನಗಿ ಕೊಡುವ ಇಲಾಖೆಯವರು ನೇರ ದಾರಿ ಮುಚ್ಚಿಸಿದರು. ಅಂದಿನಿಂದ ಡ್ರೋನು ನದಿಯ ತಿರುವನ್ನೆಲ್ಲ ಸುತ್ತಿಕೊಂಡು ನೀರಿನ ಮೇಲೆಯೇ ಹೋಗಬೇಕಾಯಿತು. ಎದುರುಗಾಳಿ ಬೀಸಿದ ದಿನ ಬ್ಯಾಟರಿ ಸಾಲದೆ ಅರ್ಧ ದಾರಿಯಿಂದ ವಾಪಸು ಬರುತ್ತಿತ್ತು.

ಅಂಥದ್ದೇ ಒಂದು ದಿನ ಆಚೆ ದಡದಲ್ಲಿ ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಡ್ರೋನು ಗಾಳಿಗೆ ಸೋತು ಮರಳಿತು. ರಕ್ತವನ್ನು ದೋಣಿಯಲ್ಲಿ ಕಳಿಸಿದರು. ದೋಣಿ ಮುಟ್ಟುವಷ್ಟರಲ್ಲಿ ಆಕೆ ಉಳಿದಿರಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ನಾದಿನಿ ಮರುದಿನ ಅದೇ ದೋಣಿ ಹತ್ತಿ ಹೋಗಿ, ಆ ಮನೆಯವರ ಜೊತೆ ಒಂದು ಹೊತ್ತು ಸುಮ್ಮನೆ ಕೂತು ಬಂದಳು. ಯಾರೂ ಹೋಗು ಎಂದಿರಲಿಲ್ಲ. ಬಂದವಳು ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದು ಬಟ್ಟೆಯ ರಾಶಿಯ ಮೇಲೆ ಕುಳಿತಳು.

"ಅತ್ತಿಗೆ, ಅವತ್ತು ಈ ಬೀದೀಲಿ ಬಿತ್ತಲ್ಲ, ಬಿದ್ದಿದ್ದು ತಪ್ಪಲ್ಲ. ಮೇಲೆ ಹೋದದ್ದು ಒಂದಲ್ಲ ಒಂದಿನ ಬೀಳುತ್ತೆ. ಅದಕ್ಕೆ ಬೀಳೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ. ಅದು ತಪ್ಪು."

"ಕಲಿಸೋಕೆ ಅದೇನು ಮಗುವೇನೇ?"

"ಮಗು ಬಿದ್ದು ಬಿದ್ದು ತಾನೇ ಕಲಿಯುತ್ತೆ. ಇದು ಕಲಿಯೋಷ್ಟರಲ್ಲಿ ಯಾರದೋ ತಲೆ ಒಡೆದಿರುತ್ತೆ. ನಂಗೊಂದು ಕೊಡೆ ಹೊಲಿದುಕೊಡಿ."

ಹೀಗೆ ನಾನೂ ಆ ಕೆಲಸಕ್ಕೆ ಬಿದ್ದೆ. ಅವಳು ಕೊಡೆ ಎಂದದ್ದು ಪ್ಯಾರಾಚೂಟಿಗೆ. ಯಂತ್ರ ಕೈಕೊಟ್ಟಾಗ ಬೆನ್ನ ಮೇಲಿನ ಡಬ್ಬಿಯ ಮುಚ್ಚಳ ಹಾರಿ ಕೊಡೆ ಬಿಚ್ಚಿಕೊಳ್ಳಬೇಕು, ಯಂತ್ರ ಮೆಲ್ಲಗೆ ಇಳಿಯಬೇಕು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬಟ್ಟೆ ತಂದುಕೊಟ್ಟಳು. ನಾನು ನನ್ನ ಜಾಣತನವೆಲ್ಲ ಸುರಿದು ಹೊಲಿದುಕೊಟ್ಟೆ. ಅವಳು ನೋಡಿ "ತುಂಬಾ ಚೆನ್ನಾಗಿದೆ" ಎಂದಳು, ಒಯ್ದಳು, ಸಂಜೆ ಹರಿದ ಚಿಂದಿ ತಂದು ಮೇಜಿನ ಮೇಲಿಟ್ಟು "ಇಲ್ಲಿ ಹರೀತು" ಎಂದಳು. ಮತ್ತೆ ಹೊಲಿದೆ, ಮತ್ತೆ ಹರಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಒಂದು ದಿನ ಕತ್ತರಿ ಎಸೆದು "ಹೊಲಿಯೋಳು ನಾನು ಹರಿಯೋಳು ನೀನು, ಇದೇನು ಸಂಸಾರವೇ?" ಎಂದು ರೇಗಿದೆ. ಅವಳು ಕತ್ತರಿಯನ್ನು ಎತ್ತಿ ನನ್ನ ಕೈಗೇ ಕೊಟ್ಟು, ಇನ್ನೊಮ್ಮೆ ಬಡಿಸಿ ಎಂದು ಕೇಳುವವಳ ಹಾಗೆ ನಕ್ಕಳು. ಕೊನೆಗೆ ಹರಿಯದ ಕೊಡೆಯೊಂದು ಹುಟ್ಟಿತು.

ಕೊಡೆಯೇನೋ ಆಯಿತು. ಅದನ್ನು ಯಾವಾಗ ಬಿಚ್ಚಬೇಕು ಎಂದು ಯಂತ್ರಕ್ಕೆ ತಿಳಿಯಬೇಕಲ್ಲ? ತಾನು ಬೀಳುತ್ತಿದ್ದೇನೆ ಎಂದು ಅದಕ್ಕೆ ಗೊತ್ತಾಗುವುದು ಎತ್ತರದಿಂದ. ಎತ್ತರ ಹೇಳುವುದಕ್ಕೆ ಅದರೊಳಗೆ ಮೂರು ಪುಟ್ಟ ಸಾಧನಗಳಿದ್ದವು. ಎರಡು ಗಾಳಿಯ ಒತ್ತಡ ಅಳೆದು ಹೇಳುವಂಥವು, ಒಂದು ನೆಲಕ್ಕೆ ಬೆಳಕು ಚೆಲ್ಲಿ ಅಳೆಯುವಂಥದ್ದು. ಮೂರರಲ್ಲಿ ಒಂದು ಕೆಟ್ಟು ಏನೇನೋ ಹೇಳಿದರೆ ಉಳಿದೆರಡರ ಮಾತು ನಂಬು ಎಂದು ಯಂತ್ರಕ್ಕೆ ಕಲಿಸಿದ್ದಳು. ಮನೆಯಲ್ಲಿ ಇಬ್ಬರು ಒಂದು ಮಾತು ಹೇಳಿ ಒಬ್ಬ ಬೇರೆ ಹೇಳಿದರೆ ನಾವೂ ಹಾಗೇ ಮಾಡುವುದಲ್ಲವೇ? ಒಂದೊಂದನ್ನೇ ಕಿತ್ತು ಹಾಕಿ ಪರೀಕ್ಷೆ ಮಾಡಿದಳು. ಪ್ರತಿ ಸಲವೂ ಕೊಡೆ ಬಿಚ್ಚಿತು. ಇಲಾಖೆಯವರು ಬಂದು ನೋಡಿ ನೇರ ದಾರಿಗೆ ಒಪ್ಪಿಗೆ ಕೊಡುವುದು ಎಂದು ದಿನ ಗೊತ್ತಾಯಿತು. ಯಂತ್ರವನ್ನು ಒರೆಸಿ, ಬಟ್ಟೆ ಹೊದಿಸಿ, ಆ ದಿನಕ್ಕಾಗಿ ಐಸ್ ಫ್ಯಾಕ್ಟರಿಯ ಮೂಲೆಯಲ್ಲಿ ಕಾಯ್ದಿರಿಸಿದರು.

ಅದರ ಹಿಂದಿನ ಬೆಳಿಗ್ಗೆ, ಸುಮ್ಮನೆ ಒಂದು ಸುತ್ತು ಹಾರಿಸಿ ನೋಡೋಣ ಎಂದು ನದಿಯಂಚಿನ ಕೆಸರು ಬಯಲಿಗೆ ತಂದರು. ಕೊಡೆ ಮಡಚುವುದಕ್ಕೆಂದು ನಾನೂ ಹೋಗಿದ್ದೆ. ಕಾರ್ಖಾನೆಯ ಯಜಮಾನರು ಇದ್ದರು, ಇಸ್ತ್ರಿ ಮಾಡಿದ ಅಂಗಿ, ನಾಳೆಯ ಅತಿಥಿಗಳಿಗೆ ಏನು ಹೇಳಬೇಕೆಂದು ಬಾಯಲ್ಲೇ ಗುನುಗುತ್ತಿದ್ದರು. ಹಾರಿಸುವ ಪೈಲಟ್ ಇದ್ದ, ಹಿಂದೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು, ಮಾತು ಕಮ್ಮಿ. ಯಂತ್ರ ನೆಲ ಬಿಟ್ಟಿತು. ಮನೆಯ ಮಾಳಿಗೆಯೆತ್ತರದಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತೆಂಗಿನ ಮರದೆತ್ತರಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು.

"ನಿಲ್ತಾ ಇಲ್ಲ. ಇನ್ನೂ ನೆಲದ ಮೇಲೇ ಇದೀನಿ ಅನ್ಕೊಂಡಿದೆ" ಎಂದ ಪೈಲಟ್.

ಪರದೆಯ ಮೇಲೆ ಎತ್ತರದ ಮೂರು ಅಂಕಿಗಳು ಕಾಣುತ್ತಿದ್ದವು. ಎರಡು ಸಾಧನಗಳು ಸೊನ್ನೆ ಎನ್ನುತ್ತಿದ್ದವು. ಮೂರನೆಯದು ಮಾತ್ರ ನಾವು ಮೇಲೆ ಹೋಗುತ್ತಿದ್ದೇವೆ, ಮೇಲೆ ಹೋಗುತ್ತಿದ್ದೇವೆ ಎಂದು ಹೇಳುತ್ತಲೇ ಇತ್ತು. ಯಂತ್ರ ಅದನ್ನು ನಂಬಲಿಲ್ಲ. ಇಬ್ಬರ ಮಾತು ಕೇಳು ಎಂದಿದ್ದರಲ್ಲ, ಹೇಳಿದ ಮಾತು ಮೀರದ ಮಗನ ಹಾಗೆ ಇನ್ನೂ ಏರುತ್ತಿತ್ತು.

ಯಜಮಾನರ ಮುಖ ಬಿಳುಚಿತು. "ಕೈಯಲ್ಲಿ ತಗೊಂಡು ಇಳಿಸಪ್ಪಾ!" ಎಂದರು. ಹಾಗೆ ಇಳಿಸುವುದು ಪೈಲಟ್‌ಗೆ ಆಗುತ್ತಿತ್ತು. ಗುಂಡಿ ಒತ್ತಿ ತಾನೇ ಹಿಡಿತಕ್ಕೆ ತೆಗೆದುಕೊಂಡ. ಯಂತ್ರ ಗಾಳಿಯಲ್ಲಿ ನಿಂತಿತು.

ಆಗ ನನ್ನ ನಾದಿನಿ "ಇಳಿಸಬೇಡಿ" ಎಂದಳು. ಜೋರಾಗಿಯೇನೂ ಅನ್ನಲಿಲ್ಲ. ಕಣ್ಣು ಪರದೆಯ ಮೇಲೆಯೇ ಇತ್ತು. "ಕೆಸರಿನ ನಡೂಮಧ್ಯಕ್ಕೆ ತಗೊಂಡ್ ಹೋಗಿ. ಮೋಟಾರು ನಿಲ್ಲಿಸಿ."

"ತಲೆ ಕೆಟ್ಟಿದೆಯಾ ನಿಂಗೆ?" ಯಜಮಾನರು ಕೂಗಿದರು. "ನಾಳೆ ಇಲಾಖೆಯೋರು ಬರ್ತಾರೆ! ಕೊಡೆ ಹಾಕಿರೋದು ಇದೊಂದಕ್ಕೇ!"

"ಇಳಿಸಿದ್ರೆ ಯಾಕೆ ಹಿಂಗಾಯ್ತು ಅಂತ ಗೊತ್ತಾಗುತ್ತೆ ಸಾರ್. ಇಂಥ ಹೊತ್ತಲ್ಲಿ ಕೊಡೆ ಬಿಚ್ಚುತ್ತೋ ಇಲ್ವೋ ಅಂತ ಗೊತ್ತಾಗಲ್ಲ. ಇವತ್ತು ಕೆಳಗೆ ಕೆಸರಿದೆ. ನಾಳೆ ಕೆಳಗೆ ಜನ ಇರ್ತಾರೆ."

ದುರ್ಬೀನು ಹಿಡಿದು ಬಯಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ. ಪೈಲಟ್ ಯಜಮಾನರ ಮುಖ ನೋಡಿದ, ಅವಳ ಮುಖ ನೋಡಿದ. ಯಜಮಾನರು ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದರು. ಆಮೇಲೆ ಬೆನ್ನು ತಿರುಗಿಸಿ ನಿಂತು, "ಅವಳು ಹೇಳಿದಂಗೆ ಮಾಡು" ಎಂದರು.

ಮೋಟಾರು ನಿಂತಿತು. ಆ ಮೌನವನ್ನು ನಾನು ಮರೆಯಲಾರೆ. ಬಿಳಿ ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ, ದೊಡ್ಡದಾಗುತ್ತ, ದೊಡ್ಡದಾಗುತ್ತ. ನಾನು ಹೊಲಿದ ಕೊಡೆ ಈಗ ಬಿಚ್ಚುತ್ತದೆ, ಈಗ ಬಿಚ್ಚುತ್ತದೆ ಎಂದು ಉಸಿರು ಹಿಡಿದು ನಿಂತೆ. ಬಿಚ್ಚಲಿಲ್ಲ. ಎರಡು ಸಾಧನಗಳು ನೆಲದ ಮೇಲಿದ್ದೇವೆ ಎನ್ನುತ್ತಿರುವಾಗ ಬೀಳುವ ಮಾತೆಲ್ಲಿ? ಯಂತ್ರ ಕಲ್ಲಿನ ಹಾಗೆ ಬಂದು ಕೆಸರಿನಲ್ಲಿ ಹೂತುಕೊಂಡಿತು. ಬಿದ್ದ ರಭಸಕ್ಕೆ ಎದ್ದ ಕೆಸರು ಆಳೆತ್ತರ ಹಾರಿತು. ಅದು ಸಂತೆ ಬೀದಿಯಾಗಿದ್ದರೆ ಎಂದು ಛತ್ರಿಯವನ ಕಲ್ಲುಕಟ್ಟೆಯನ್ನು ನೆನೆದೆ.

ಯಜಮಾನರು ಅಲ್ಲೇ ಪೆಟ್ಟಿಗೆಯ ಮೇಲೆ ಕುಸಿದರು. ನಾದಿನಿ ಮೊಣಕಾಲುದ್ದ ಕೆಸರಿಗಿಳಿದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇವಳಿಗೆ ಮೈಯೆಲ್ಲ ಕೆಸರು. ಯಂತ್ರವನ್ನು ಎಳೆದು ತಂದು ಮಗ್ಗುಲಿಗೆ ಉರುಳಿಸಿ, ಹೊಟ್ಟೆಯ ಕೆಳಗಿನ ಒಂದು ಸಣ್ಣ ತೂತನ್ನು ಬಗ್ಗಿ ನೋಡಿದಳು. ಒತ್ತಡ ಅಳೆಯುವ ಎರಡೂ ಸಾಧನಗಳಿಗೆ ಗಾಳಿ ಹೋಗುವುದು ಅದೊಂದೇ ತೂತಿನಿಂದ. ತೂತು ಕಮ್ಮಿಯಿದ್ದರೆ ಮಳೆನೀರು ಒಳಗೆ ಹೋಗುವುದೂ ಕಮ್ಮಿ ಎಂದು ಅವಳೇ ಹಾಗೆ ಮಾಡಿಸಿದ್ದಳು. ನನ್ನ ಕಾಲರಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿ ಕಿತ್ತುಕೊಂಡು ತೂತನ್ನು ಕೆದಕಿದಳು. ಒಣಮಣ್ಣು ಉದುರಿತು. ಬಯಲಿನ ಕರೀ ಕೆಸರಲ್ಲ, ಕೆಂಪಗೆ ನುಣ್ಣಗಿನ ಮಣ್ಣು. ಅದರ ಹಿಂದೆಯೇ ಮಿಸುಕಾಡದ ಎರಡು ಪುಟ್ಟ ಜೇಡ, ಅಕ್ಕಿಯ ನುಚ್ಚಿನಷ್ಟು ಪುಟ್ಟ ಒಂದು ಬಿಳಿ ಮೊಟ್ಟೆ.

"ಕುಂಬಾರ ಹುಳ" ಎಂದಳು.

ಗೋಡೆಯ ಮೂಲೆಯಲ್ಲಿ, ಕಿಟಕಿಯ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಅದೇ ಹುಳ. ಯಂತ್ರ ಮೂಲೆಯಲ್ಲಿ ಕಾಯುತ್ತಿದ್ದ ದಿನಗಳಲ್ಲಿ ಹೊದಿಕೆಯ ಕೆಳಗೆ ನುಸುಳಿ ತನ್ನ ಮರಿಗೆ ಮನೆ ಕಟ್ಟಿ, ಊಟ ಕೂಡಿಟ್ಟು, ಬಾಗಿಲು ಮುಚ್ಚಿ ಹೋಗಿತ್ತು. ಒಳಗೆ ಸಿಕ್ಕಿಬಿದ್ದ ನೆಲದ ಮೇಲಿನ ಗಾಳಿಯನ್ನೇ ಅಳೆದು ಎರಡೂ ಸಾಧನಗಳು ಸೊನ್ನೆ ಎಂದಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೇ ದೊಣ್ಣೆಯಾಗಿದ್ದ. ನನಗೆ ಮೈ ಜುಮ್ಮೆಂದಿತು. ಇಷ್ಟು ಜನರ ಓದು, ಇಷ್ಟು ವರ್ಷದ ದುಡಿಮೆ ಒಂದು ಕಡೆ. ಡ್ರೋನು ಎಂದರೇನೆಂದೇ ತಿಳಿಯದ, ಉಗುರಷ್ಟೂ ಇಲ್ಲದ ಒಂದು ತಾಯಿ ಹುಳ ಇನ್ನೊಂದು ಕಡೆ.

ಅದಕ್ಕಿಂತ ಹೆಚ್ಚು ಬೆರಗಾದದ್ದು ನಾದಿನಿಯ ಮುಖ ನೋಡಿ. ಕಳೆದುಹೋದ ಮಗು ಸಂತೆಯಲ್ಲಿ ಸಿಕ್ಕಿದರೆ ತಾಯಿಯ ಮುಖ ಹೇಗಿರುತ್ತದೋ ಹಾಗಿತ್ತು. "ಸಿಕ್ತು ಅತ್ತಿಗೆ" ಎಂದಳು. "ನಾನು ಒಂದೊಂದನ್ನೇ ಸಾಯಿಸಿ ನೋಡಿದ್ದೆ. ಬದುಕಿದ್ದು ಸುಳ್ಳು ಹೇಳಿದ್ರೆ, ಅದೂ ಇಬ್ಬರು ಕೂಡಿ ಒಂದೇ ಸುಳ್ಳು ಹೇಳಿದ್ರೆ ಅಂತ ನೋಡೇ ಇರ್ಲಿಲ್ಲ. ಒಂದೇ ಮೂಗಲ್ಲಿ ಉಸಿರಾಡೋರು ಇಬ್ಬರು ಹೇಗಾಗ್ತಾರೆ? ಒಂದೇ ಮನೆಯೋರ ಎರಡು ಸಾಕ್ಷಿ, ಅದು ಒಂದೇ ಸಾಕ್ಷಿ."

ಆಚೆ ದಡದ ಡಾಕ್ಟರಮ್ಮನಿಗೆ ಫೋನು ಮಾಡಿ, ನಾಳೆ ಇಲಾಖೆಯವರು ಬರುವುದಿಲ್ಲ, ನೇರ ದಾರಿ ಸದ್ಯಕ್ಕಿಲ್ಲ ಎಂದು ಹೇಳಿದ್ದೂ ಅವಳೇ. ಅಷ್ಟು ದೂರ ನಿಂತಿದ್ದ ನನಗೂ ಡಾಕ್ಟರಮ್ಮನ ದನಿ ಕೇಳಿಸಿತು. "ಒಂದು ಹುಳಕ್ಕೋಸ್ಕರ ನನ್ನ ಬಾಣಂತಿಯರು ಕಾಯ್ಬೇಕಾ?"

"ಹೌದು ಡಾಕ್ಟ್ರೇ. ಕಾಯ್ಬೇಕು."

"ಇನ್ನೊಬ್ಬಳು ಹೋದ್ರೆ?"

ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿಸಿತು.

ಆಮೇಲಿನ ತಿಂಗಳುಗಳಲ್ಲಿ ಅವಳು ನಕ್ಕದ್ದು ನಾನು ಕಾಣೆ. ಗಾಳಿ ಬೀಸಿದ ದಿನಗಳಲ್ಲಿ ರಕ್ತ ತಡವಾಗಿ ಹೋಗುತ್ತಿತ್ತು. ಕೆಲವರು ಉಳಿದರು, ಒಬ್ಬಳು ಉಳಿಯಲಿಲ್ಲ. ಸುದ್ದಿ ಬಂದ ದಿನ ಮೇಲಿನ ಮಹಡಿಯಲ್ಲಿ ಪಾತ್ರೆ ತೊಳೆಯುವ ಸದ್ದೂ ಇಲ್ಲ, ಮಾತಿನ ಸದ್ದೂ ಇಲ್ಲ. ನಾನು ಬ್ರೆಡ್ಡು ಚಹಾ ಒಯ್ದುಕೊಟ್ಟೆ. ಗಂಡ ಅವಳ ತಲೆ ಸವರುತ್ತ ಕೂತಿದ್ದ. "ನೀನು ಅವತ್ತು ಬಾಯಿ ಮುಚ್ಕೊಂಡಿದ್ರೆ ಈಕೆ ಬದುಕ್ತಿದ್ಲೇನೋ ಅಂತ ಯೋಚಿಸ್ತಿದೀಯಾ?" ಎಂದು ನಾನೇ ಕೇಳಿಬಿಟ್ಟೆ. ನನ್ನ ನಾಲಿಗೆಗೆ ಲಗಾಮಿಲ್ಲ.

"ಬದುಕ್ತಿದ್ಲು" ಎಂದಳು. "ನಿಮ್ಮ ಬೀದೀಲಿ ಯಾರೋ ಒಬ್ಬರು ಬದುಕ್ತಿರಲಿಲ್ಲ. ಯಾರು ಅಂತ ಗೊತ್ತಿಲ್ಲ, ಅಷ್ಟೆ. ಗೊತ್ತಿಲ್ಲದೋರ ಪರವಾಗಿ ಯಾರಾದ್ರೂ ಒಬ್ಬರು ಯೋಚಿಸ್ಬೇಕಲ್ಲ ಅತ್ತಿಗೆ."

ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋದಳು. ಎತ್ತರ ಹೇಳುವ ಸಾಧನಗಳಿಗೆ ಬೇರೆ ಬೇರೆ ಮೂಗು ಕೊಟ್ಟಳು, ಹುಳ ಹೋಗದಷ್ಟು ಸಣ್ಣ ಜಾಲರಿ ಹಾಕಿಸಿದಳು. ಅಷ್ಟಕ್ಕೆ ಬಿಡಲಿಲ್ಲ. ಕೊಡೆಗೆ ತನ್ನದೇ ಒಂದು ಪುಟ್ಟ ಮಿದುಳು, ತನ್ನದೇ ಪುಟ್ಟ ಬ್ಯಾಟರಿ ಇಟ್ಟಳು. ಅದು ಎತ್ತರವನ್ನು ಯಾರನ್ನೂ ಕೇಳುವುದಿಲ್ಲ. ಲಿಫ್ಟು ದಡಕ್ಕನೆ ಇಳಿದಾಗ ನಮಗೆ ಹೊಟ್ಟೆಯಲ್ಲಿ ಹೇಗೋ ಆಗುತ್ತದಲ್ಲ, ಹಾಗೆ ತಾನೇ ಬೀಳುವುದನ್ನು ತಿಳಿದು ತಾನೇ ಬಿಚ್ಚಿಕೊಳ್ಳುತ್ತದೆ. ಕಣ್ಣು ಕಟ್ಟಿದರೂ, ಕಿವಿ ಮುಚ್ಚಿದರೂ, ಎಲ್ಲರೂ ಸುಳ್ಳು ಹೇಳಿದರೂ. ಅವಳು ಇದನ್ನು ನನಗೆ ಹೇಳಿದ ದಿನ, ಕಬ್ಬಿಣ ಪ್ಲಾಸ್ಟಿಕ್ಕಿನ ಒಂದು ವಸ್ತುವಿಗೆ ಇಷ್ಟು ಸೂಕ್ಷ್ಮ ಕಲಿಸಬಹುದೇ ಎಂದು ನಾನು ಬೆಪ್ಪಾಗಿ ಕೂತೆ.

ಮತ್ತೆ ಪರೀಕ್ಷೆಯ ದಿನ ಬಂತು. ಈ ಸಲ ಇಲಾಖೆಯವರ ಜೊತೆಗೆ ಸಂತೆ ಬೀದಿಯವರನ್ನೂ ಕೆಸರು ಬಯಲಿಗೆ ಕರೆಸಿದ್ದಳು. ಛತ್ರಿಯವನು ಎಲ್ಲರಿಗಿಂತ ಮುಂದೆ ನಿಂತಿದ್ದ. "ಅಷ್ಟು ನಂಬಿಕೆ ಇದ್ರೆ ನೀವೇ ಅದರ ಕೆಳಗೆ ನಿಂತ್ಕೊಳ್ಳಮ್ಮಾ, ನೋಡೋಣ" ಎಂದ. ಜನ ಹೌದು ಹೌದು ಎಂದರು. ಇವಳು ನಿಂತರೂ ನಿಂತಾಳು ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಿಲ್ಲಲ್ಲ" ಎಂದಳು. "ನಾನು ನಿಂತ್ರೆ ನಂಗೆ ಧೈರ್ಯ ಇದೆ ಅಂತ ಗೊತ್ತಾಗುತ್ತೆ, ಯಂತ್ರ ಸರಿಯಿದೆ ಅಂತ ಗೊತ್ತಾಗಲ್ಲ." ಅವಳು ತನ್ನ ಇಕ್ಕಳ, ಕತ್ತರಿ, ಅಂಟಿನ ಪಟ್ಟಿ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದಳು. "ಇವತ್ತು ನನ್ನ ಕೆಲಸ ನೀವು ಮಾಡಿ. ಹೆಂಗ್ ಬೇಕೋ ಹಂಗೆ ಕೆಡಿಸಿ. ನಾನು ನೋಡಲ್ಲ." ಹಾಗೆಂದು ಬೆನ್ನು ತಿರುಗಿಸಿ ನಿಂತಳು.

ಅವನು ಮೊದಲು ಅಳುಕಿದ. ಆಮೇಲೆ ಹಳೇ ಸಿಟ್ಟು ಎದ್ದಿತು. ತೂತುಗಳಿಗೆಲ್ಲ ಮಣ್ಣು ಮೆತ್ತಿದ. ಯಂತ್ರವನ್ನು ಏರಿಸಿ ಮೋಟಾರು ನಿಲ್ಲಿಸಿದರು. ಒಂದು ಕ್ಷಣ ಚುಕ್ಕೆ ಜಾರಿತು, ಮರುಕ್ಷಣ ಪಟ್ಟೆಂದು ಕಿತ್ತಳೆ ಬಣ್ಣದ ಕೊಡೆ ಆಕಾಶದಲ್ಲಿ ಅರಳಿತು. ಬಂದವರೆಲ್ಲ ಹೋ ಎಂದರು. ಮಡಚಿ ಮತ್ತೆ ಕಳಿಸಿದರು. ತಂತಿ ಕತ್ತರಿಸಿದ, ರೆಕ್ಕೆಗೆ ಅಂಟು ಸುತ್ತಿದ, ಬ್ಯಾಟರಿ ಕಿತ್ತ. ಹಣ್ಣಿನವನು, ಬೀಗದವನು, ಎಲ್ಲರೂ ಒಂದೊಂದು ಕೀಟಲೆ ಹೇಳಿಕೊಟ್ಟರು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು ಬೀದಿಯವರ ಉತ್ಸಾಹ. ಕೆಲವು ಸಲ ಯಂತ್ರ ನನಗೆ ಮೈ ಸರಿಯಿಲ್ಲ ಎಂದು ಏಳಲೇ ಇಲ್ಲ. ಎದ್ದಾಗೆಲ್ಲ ಕೊಡೆ ಹಿಡಿದು ಮೆತ್ತಗೆ ಇಳಿಯಿತು.

ಕೊನೆಗೆ ಛತ್ರಿಯವನು ಕೊಡೆಯ ಡಬ್ಬಿಯ ಮುಚ್ಚಳಕ್ಕೆ ದಾರ ಬಿಗಿದು ಕಟ್ಟಿದ. "ಈಗ?" ಎಂದ.

ನಾದಿನಿ ತಿರುಗಿ ನೋಡಿದಳು. ಯಜಮಾನರು ಪಕ್ಕದಿಂದ ಏನೋ ಸನ್ನೆ ಮಾಡುತ್ತಿದ್ದರು. ಇವಳು ಅತ್ತ ನೋಡಲೇ ಇಲ್ಲ. "ಇದು ಬೀಳುತ್ತೆ" ಎಂದಳು. "ಮೋಟಾರೂ ಹೋಗಿ ಕೊಡೆಯೂ ಹೋದ್ರೆ ಬೀಳುತ್ತೆ. ಎರಡೂ ಒಟ್ಟಿಗೆ ಹೋಗೋದು ತುಂಬಾ ಅಪರೂಪ ಆಗೋ ಹಂಗೆ ಮಾಡಿದೀನಿ. ಆಗೋದೇ ಇಲ್ಲ ಅಂತ ಹೇಳೋಕಾಗಲ್ಲ. ಅದಕ್ಕೇ ಶಾಲೆ ಮೇಲೆ ಹೋಗೋ ದಾರಿ ಬಿಟ್ಟು ಗೋದಾಮುಗಳ ಮೇಲೆ ಹಾಕಿದೀನಿ. ಆದ್ರೂ ನಿಮ್ಮ ಬೀದಿ ಒಂದು ಕಡೆ ದಾಟಲೇಬೇಕು."

ಛತ್ರಿಯವನು ಎಡಗೈಯಿಂದ ದಾರದ ಗಂಟು ಬಿಚ್ಚತೊಡಗಿದ. "ಯಾವತ್ತೂ ಬೀಳಲ್ಲ ಅಂದಿದ್ರೆ ನಾನು ಎದ್ದು ಹೋಗ್ತಿದ್ದೆ" ಎಂದ. "ನಮ್ಮ ಬೀದಿ ಮೇಲೇ ಹೋಗ್ಲಿ ಬಿಡಿ. ಹೋಗ್ಲಿ. ಆಚೆ ಕಡೆ ಹೆಣ್ಮಕ್ಕಳಿದಾರೆ."

ಒಪ್ಪಿಗೆ ಸಿಕ್ಕಿತು. ನೇರ ದಾರಿಯಲ್ಲಿ ರಕ್ತ ಹೊತ್ತ ಮೊದಲ ಡ್ರೋನು ಹೊರಡುವ ದಿನ ಅವಳು ರಕ್ತಭಂಡಾರದ ಮಾಳಿಗೆಯಲ್ಲಿ ಪೈಲಟ್ ಜೊತೆಗಿದ್ದಳು. ಬೀದಿಯಲ್ಲಿ ನಾನಿದ್ದೆ. ಬಾಗಿಲಲ್ಲೇ ನಿಂತು ನೋಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಕೋಟು ಹೊಲಿಸಿಕೊಂಡಿದ್ದವನೊಬ್ಬ ಬಂದು, ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಎಂದು ರಗಳೆ ತೆಗೆದ. ತೋಳು ಸರಿಯಾಗಿತ್ತು, ಅವನೇ ಒಂದು ಕಡೆ ವಾಲಿ ನಿಲ್ಲುತ್ತಿದ್ದ. ನೆಟ್ಟಗೆ ನಿಲ್ಲಯ್ಯಾ ಎಂದು ನಾನು, ನಿಂತಿದ್ದೇನಲ್ಲ ಎಂದು ಅವನು. ಟೇಪು ಹಿಡಿದು ಅವನ ಭುಜ ಅಳೆಯುತ್ತಿದ್ದಾಗ ಫೋನು ಬಡಿದುಕೊಂಡಿತು.

"ಅತ್ತಿಗೆ, ಹೇಗಿತ್ತು?" ನಾದಿನಿಯ ಏದುಸಿರು.

"ಯಾವುದೇ?"

"ಈಗ ತಾನೇ ನಿಮ್ಮ ಬೀದಿ ದಾಟ್ತಲ್ಲ! ಆಚೆ ದಡ ಮುಟ್ಟಿದೆ. ಡಾಕ್ಟ್ರು ಪೆಟ್ಟಿಗೆ ತಗೊಂಡ್ರು."

ನಾನು ಟೇಪು ಕೆಳಗೆ ಹಾಕಿ ಬಾಗಿಲಿಗೆ ಓಡಿದೆ. ಆಕಾಶ ಖಾಲಿ. ಹಣ್ಣಿನವನು ಯಾರಿಗೋ ತೂಗಿಕೊಡುತ್ತಿದ್ದ. ಬೀಗದವನು ಕೀಲಿ ಉಜ್ಜುತ್ತಿದ್ದ. ಛತ್ರಿಯವನು ಕಡ್ಡಿ ಬಾಯಲ್ಲಿ ಕಚ್ಚಿಕೊಂಡು ಬಟ್ಟೆಗೆ ಸೂಜಿ ಹಾಕುತ್ತಿದ್ದ. ಒಬ್ಬ ತಾಯಿ ರಸ್ತೆಯ ನಡುವೆ ಮಗುವಿನ ಚಪ್ಪಲಿ ಕಟ್ಟುತ್ತಿದ್ದಳು.

"ಯಾರಾದ್ರೂ ಓಡಿದ್ರಾ?" ಎಂದು ಕೇಳಿದಳು.

"ಇಲ್ಲ ಕಣೇ."

"ತಲೆ ಎತ್ತಿ ನೋಡಿದ್ರಾ?"

"ಇಲ್ಲ. ಯಾರೂ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಬೈಬೇಡ, ಈ ಕೋಟಿನವನು ಬಂದು..."

ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಕೇಳಿಸಿತು, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅವಳು ಅತ್ತದ್ದು ಕೇಳಿರಲಿಲ್ಲ.

"ಅತ್ತಿಗೆ, ಇನ್ನೊಂದ್ಸಲ ಹೇಳಿ."

"ಏನನ್ನೇ?"

"ಯಾರೂ ನೋಡ್ಲಿಲ್ಲ ಅಂತ."

ನಾನು ಇನ್ನೊಂದು ಸಲ ಹೇಳಿದೆ.